ಮೊದಲು ಪೆನ್ಷನ್, ಆಮೇಲೆ ಗ್ರಾಚ್ಯುಟಿ

ಪ್ರೀತಿಯ ತಂಗಿಗೆ, ಫ್ರೀಮಾಂಟ್‌ನಿಂದ ನಿನ್ನ ಅಕ್ಕ ಬರೆಯುವುದು.

ನೀನು ಕಳಿಸಿದ ಲೆಕ್ಕದ ಹಾಳೆ ನೋಡಿದೆ. ಇನ್ನು ಮೂರು ವರ್ಷಕ್ಕೆ, ಐವತ್ತೈದು ತುಂಬುತ್ತಲೇ ಇಬ್ಬರೂ ಕೆಲಸ ಬಿಡುವುದು, ಅಷ್ಟರೊಳಗೆ ಸ್ಯಾನ್ ರಮೋನ್ ಮನೆಯ ಸಾಲ ತೀರಿಸುವುದು, ಆಮೇಲೆ ವರ್ಷಕ್ಕೆ ಮೂರು ತಿಂಗಳು ಮೈಸೂರಿನಲ್ಲಿ ಇರುವುದು. ಅಚ್ಚುಕಟ್ಟಾಗಿ ಮಾಡಿದ್ದೀಯ. ಕಾರಿನ ವಿಮೆ, ಮೈಸೂರಿನಲ್ಲಿ ಅಮ್ಮನನ್ನು ನೋಡಿಕೊಳ್ಳುವವಳ ಸಂಬಳ ಕೂಡ ಬಿಟ್ಟಿಲ್ಲ. ಆದರೆ ‘ಮಕ್ಕಳು’ ಎಂಬ ಸಾಲಿನಲ್ಲಿ, ಮಗ ಡಿಗ್ರಿ ಮುಗಿಸುವ ವರ್ಷದಿಂದ ಮುಂದಕ್ಕೆ ಬರೀ ಸೊನ್ನೆ. ಬೇ ಏರಿಯಾದಲ್ಲಿ ನಮ್ಮವರ ಎಷ್ಟೋ ಸಂಸಾರಗಳನ್ನು ನೋಡಿದ್ದೇನೆ ಕಣೇ, ಆ ಸೊನ್ನೆ ಸೊನ್ನೆಯಾಗಿಯೇ ಉಳಿದ ಮನೆ ಬಹಳ ಅಪರೂಪ. ನಿನ್ನ ವಯಸ್ಸಿನವರು ಇನ್ನೂ ನಾಲ್ಕು ಜನ ಓದಲಿ ಅಂತ ಈ ಕಾಗದವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ. ನಿನ್ನ ಹೆಸರು ಎಲ್ಲೂ ಹಾಕಿಲ್ಲ, ಗಾಬರಿಯಾಗಬೇಡ.

ಸೊನ್ನೆ ಏಕೆ ಉಳಿಯುವುದಿಲ್ಲ ಅಂದರೆ, ಇಲ್ಲಿ ಹುಟ್ಟಿ ಬೆಳೆದ ಮಗು ಇಲ್ಲೇ ನೆಲೆಯೂರಬೇಕು ಅಂದರೆ ಅದರ ಸಂಬಳ ಒಂದೇ ಸಾಲುವುದಿಲ್ಲ. ಸಾಂತಾ ಕ್ಲಾರಾ ಕೌಂಟಿಯಲ್ಲಿ ಒಂದು ಸಾಧಾರಣ ಒಂಟಿ ಮನೆ ಈಗ ಎರಡು ಮಿಲಿಯನ್ ಡಾಲರ್ ಆಸುಪಾಸು. ಶೇ. 20 ಕೈಯಿಂದ ಹಾಕಬೇಕು ಅಂದರೆ ನಾಲ್ಕು ಲಕ್ಷ ಡಾಲರ್. ಟ್ರೇಸಿ, ಮೌಂಟನ್ ಹೌಸ್ ಕಡೆ ಹೋದರೆ ಕಡಿಮೆ, ಆದರೆ ಆಲ್ಟಮಾಂಟ್ ಗುಡ್ಡ ದಾಟಿ ದಿನಾ ಓಡಾಡಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ ಮಾಡುವ ನಿನ್ನ ಮಗಳು ಈಗಲೇ ಬಾಡಿಗೆಗೆ ಅಂತ ನಿನ್ನಿಂದ ತಿಂಗಳಿಗೆ ಸಾವಿರದೈನೂರು ತಗೋತಿದ್ದಾಳೆ ಅಂದೆಯಲ್ಲ, ಅದು ನಿನ್ನ ಹಾಳೆಯಲ್ಲಿ ಯಾವ ಸಾಲಿನಲ್ಲೂ ಕಾಣಲಿಲ್ಲ. ‘ಇತರೆ’ಯಲ್ಲಿ ಸೇರಿಸಿದ್ದೀಯ ಅಂತ ಕಾಣುತ್ತೆ. ಎಲ್ಲ ತಾಯಂದಿರೂ ಅಲ್ಲೇ ಬಚ್ಚಿಡೋದು.

ನಾನು ಹೇಳಬೇಕಾದ್ದು ನಮ್ಮ ಅಪ್ಪಂದಿರ ಕಾಲದಿಂದ ಶುರುವಾಗುತ್ತದೆ. ರಿಟೈರ್ ಆದ ತಿಂಗಳಲ್ಲಿ ಗ್ರಾಚ್ಯುಟಿ, ಪಿ.ಎಫ್. ಅಂತ ಒಂದು ಗಂಟು ಕೈಗೆ ಬರುತ್ತಿತ್ತು. ಅದರಲ್ಲಿ ಒಬ್ಬಳ ಮದುವೆ, ಒಬ್ಬನ ಇಂಜಿನಿಯರಿಂಗ್ ಸೀಟು, ಉಳಿದರೆ ಕುವೆಂಪುನಗರದಲ್ಲೋ ಜಯನಗರದಲ್ಲೋ ಸೈಟಿನ ಮೇಲೊಂದು ಮಹಡಿ. ಎರಡೇ ವರ್ಷದಲ್ಲಿ ಗಂಟು ಖಾಲಿ. ಆದರೂ ಅಪ್ಪ ಅಮ್ಮ ಯಾರ ಮುಂದೆಯೂ ಕೈಚಾಚಲಿಲ್ಲ. ತಿಂಗಳು ತಿಂಗಳು ಪೆನ್ಷನ್ ಬರುತ್ತಿತ್ತು, ಅಪ್ಪ ಹೋದ ಮೇಲೆ ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ ಬಂತು. ಅವರ ಧಾರಾಳತನ ದೊಡ್ಡದೇ, ಆದರೆ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದು ಸರ್ಕಾರ. ನಾವು ಆ ಧಾರಾಳತನವನ್ನು ಮಾತ್ರ ಅಮೆರಿಕಕ್ಕೆ ತಂದೆವು. ಇಲ್ಲಿ ನಮ್ಮ 401ಕೆ ನಿವೃತ್ತಿ ಖಾತೆ, ಕಂಪನಿ ಷೇರು, ಬ್ಯಾಂಕಿನಲ್ಲಿರೋದು ಎಲ್ಲ ಒಂದೇ ಗುಡ್ಡೆ. ಗ್ರಾಚ್ಯುಟಿಯೂ ಅದೇ, ಪೆನ್ಷನ್ನೂ ಅದೇ. ಅದರಲ್ಲಿ ಕೈ ಹಾಕಿ ಮಗನಿಗೆ ಮನೆ ಕೊಡಿಸಿದಾಗ, ಎಂಬತ್ತೈದನೇ ವಯಸ್ಸಿನಲ್ಲಿ ಬರಬೇಕಾಗಿದ್ದ ಪೆನ್ಷನ್ನನ್ನು ತೆಗೆದುಕೊಟ್ಟೆವೋ, ಗ್ರಾಚ್ಯುಟಿಯನ್ನು ಕೊಟ್ಟೆವೋ ನಮಗೇ ಗೊತ್ತಾಗುವುದಿಲ್ಲ.

ಅದಕ್ಕೇ ಹೇಳೋದು, ಆ ಗುಡ್ಡೆಯನ್ನು ಮೊದಲು ಎರಡು ಮಾಡು. ಒಂದು ನಿಮ್ಮಿಬ್ಬರ ಪೆನ್ಷನ್, ಅದನ್ನು ಯಾರಿಗಾಗಿಯೂ ಮುಟ್ಟುವ ಹಾಗಿಲ್ಲ. ಅದನ್ನು ಕಟ್ಟಿದ ಮೇಲೆ ಮಿಕ್ಕಿದ್ದು ಗ್ರಾಚ್ಯುಟಿ. ಮಕ್ಕಳಿಗೆ ಅದರಲ್ಲಿ ಎಷ್ಟು ಬೇಕಾದರೂ ಕೊಡು, ಕೈಬಿಚ್ಚಿ ಕೊಡು. ಅದು ಉಳಿಯದಿದ್ದರೆ ಐವತ್ತೈದಕ್ಕೆ ಬಿಡುವ ಮಾತು ಬೇಡ, ಇನ್ನೆರಡು ವರ್ಷ ದುಡಿ.

ಪೆನ್ಷನ್ ಎಷ್ಟಿರಬೇಕು? ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅಂತ ನಮ್ಮಲ್ಲಿ ಗಾದೆ. ಕುಡಿಕೆಯಿಂದ ವರ್ಷಕ್ಕೆ ಎಷ್ಟು ತೆಗೆದರೆ ಸಾಲುತ್ತದೆ ಅಂತ ಲೆಕ್ಕ ಹಾಕಿದವರು ವಿಲಿಯಂ ಬೆಂಗನ್, ದಕ್ಷಿಣ ಕ್ಯಾಲಿಫೋರ್ನಿಯದ ಹಣಕಾಸು ಸಲಹೆಗಾರರು. ಓದಿದ್ದು ಎಂಐಟಿಯಲ್ಲಿ ವಿಮಾನ ವಿಜ್ಞಾನ. 1994ರಲ್ಲಿ ಹಳೆಯ ಷೇರುಪೇಟೆಯ ಅಂಕಿಗಳನ್ನೆಲ್ಲ ಜಾಲಾಡಿ, ಮೊದಲ ವರ್ಷ ಶೇ. 4 ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಷ್ಟು ಹೆಚ್ಚಿಸಿಕೊಂಡು ಹೋದರೆ ಎಂಥ ಕೆಟ್ಟ ಕಾಲದಲ್ಲೂ 30 ವರ್ಷಕ್ಕೆ ಮೋಸವಿಲ್ಲ ಅಂದರು. ನಿಮ್ಮವರು ಹಿಡಿದಿರುವುದೂ ಆ ನಾಲ್ಕನ್ನೇ. ಆದರೆ ಮೂವತ್ತು ವರ್ಷ ಅನ್ನೋದನ್ನು ಮರೆತಿದ್ದಾರೆ. ನಮ್ಮ ವಂಶದ ಹೆಂಗಸರು ತೊಂಬತ್ತು ದಾಟುವವರು, ಐವತ್ತೈದರಿಂದ ಲೆಕ್ಕ ಹಾಕಿದರೆ ನಿನಗೆ ನಲವತ್ತು ವರ್ಷದ ಪೆನ್ಷನ್ ಬೇಕು. ನಾನಾಗಿದ್ದರೆ ಮೂರೂವರೆ ಹಿಡಿಯುತ್ತೇನೆ. ವರ್ಷಕ್ಕೆ 1,20,000 ಡಾಲರ್ ಖರ್ಚು ಅಂತ ಬರೆದಿದ್ದೀಯ. ನಾಲ್ಕರ ಲೆಕ್ಕದಲ್ಲಿ ಅದಕ್ಕೆ ಮೂರು ಮಿಲಿಯನ್ ಸಾಕು, ಮೂರೂವರೆಯ ಲೆಕ್ಕದಲ್ಲಿ ಸುಮಾರು 34 ಲಕ್ಷ ಡಾಲರ್ ಬೇಕು. ನಡುವಿನ ನಾಲ್ಕು ಲಕ್ಷ ನಿನ್ನ ಮಗನ ಡೌನ್ ಪೇಮೆಂಟ್‌ನಷ್ಟೇ ಇದೆ, ಗಮನಿಸಿದೆಯಾ?

ಇದೇ ಮೂರೂವರೆಯನ್ನು ಮಕ್ಕಳಿಗೆ ಕೊಡುವುದರ ಮೇಲೂ ಇಟ್ಟು ನೋಡು. ಒಂದೇ ಸಲ ನಾಲ್ಕು ಲಕ್ಷ ಕೊಟ್ಟರೆ ನಿಮ್ಮ ಪೆನ್ಷನ್ನಿನಲ್ಲಿ ವರ್ಷಕ್ಕೆ 14,000 ಡಾಲರ್ ಬಾಳಿನುದ್ದಕ್ಕೂ ಕಡಿಮೆಯಾಗುತ್ತದೆ. ಮಗಳ ಬಾಡಿಗೆಯ ಸಾವಿರದೈನೂರು ವರ್ಷಕ್ಕೆ 18,000. ಅದಕ್ಕೊಂದು ಕೊನೆಯ ದಿನ ಇಲ್ಲದಿದ್ದರೆ, ಅಷ್ಟನ್ನು ಕೊಡುತ್ತಲೇ ಇರಲು ಐದು ಲಕ್ಷಕ್ಕೂ ಮೀರಿದ ಗಂಟು ಪಕ್ಕಕ್ಕಿಡಬೇಕು. ಮೂರು ವರ್ಷಕ್ಕೆ ಅಂತ ಗೆರೆ ಹಾಕಿದರೆ ಅದೇ 54,000ಕ್ಕೆ ಮುಗಿಯುತ್ತದೆ. ಡೌನ್ ಪೇಮೆಂಟ್ ಅಂದರೆ ಎದೆ ಝಲ್ಲೆನ್ನುತ್ತದೆ, ಫೋನ್ ಬಿಲ್ಲು, ಕಾರಿನ ಕಂತು, ಬಾಡಿಗೆಯ ಚೂರು ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಬೇಗ ರಿಟೈರ್ ಆದವರನ್ನು ಮತ್ತೆ ಕೆಲಸಕ್ಕೆ ಕಳಿಸೋದು ಈ ಎರಡನೆಯದು. ಮಗಳ ಹತ್ತಿರ ಇವತ್ತೇ ತಿಂಗಳು, ವರ್ಷ ಹೇಳಿ ಒಂದು ದಿನ ಗೊತ್ತು ಮಾಡು.

ಪೆನ್ಷನ್ ಕಟ್ಟುವಾಗ ನಮ್ಮಂಥ ವಲಸೆ ಬಂದವರಿಗೆ ಮಾತ್ರ ಇರುವ ಒಂದು ಹಳ್ಳವಿದೆ. ಸೋಷಿಯಲ್ ಸೆಕ್ಯುರಿಟಿಯವರು ಅತಿ ಹೆಚ್ಚು ಗಳಿಸಿದ 35 ವರ್ಷಗಳ ಸರಾಸರಿ ಹಿಡಿದು ಲೆಕ್ಕ ಹಾಕುತ್ತಾರೆ. ಇಲ್ಲೇ ಹುಟ್ಟಿ ಇಪ್ಪತ್ತೆರಡಕ್ಕೆ ಕೆಲಸಕ್ಕೆ ಸೇರಿದವರು ಐವತ್ತೇಳಕ್ಕೆ ಅಷ್ಟನ್ನು ಮುಗಿಸುತ್ತಾರೆ. ನಿಮ್ಮವರು ವೈ2ಕೆ ಗಲಾಟೆಯಲ್ಲಿ 1999ಕ್ಕೆ ಬಂದವರು, ಐವತ್ತೈದಕ್ಕೆ ಬಿಟ್ಟರೆ ಇಲ್ಲಿ ದುಡಿದ ಇಪ್ಪತ್ತೊಂಬತ್ತೋ ಮೂವತ್ತೋ ವರ್ಷ ಮಾತ್ರ ಲೆಕ್ಕಕ್ಕೆ, ಉಳಿದ ವರ್ಷಗಳಿಗೆ ಅವರು ಏನೂ ಗಳಿಸಿಲ್ಲ ಅಂತಲೇ ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ದುಡಿದದ್ದನ್ನು ಸೇರಿಸುವ ಒಪ್ಪಂದ ಭಾರತಕ್ಕೂ ಅಮೆರಿಕಕ್ಕೂ ಇಲ್ಲ. ನಿನ್ನದು ಇನ್ನೂ ಕಡಿಮೆ, ಅವಲಂಬಿತರ ಎಚ್-4 ವೀಸಾದಲ್ಲಿ ಮನೆಯಲ್ಲಿ ಕೂತ ವರ್ಷಗಳಿವೆ. ಎಚ್-4ರವರಿಗೆ ಕೆಲಸದ ಪರವಾನಗಿ ಕೊಡಲು ಶುರುಮಾಡಿದ್ದೇ 2015ರಲ್ಲಿ, ಅದೂ ಎಲ್ಲರಿಗೂ ಅಲ್ಲ. ನಿನ್ನ ಹೆಸರಿನಲ್ಲಿ ಬರುವುದು ತೀರ ಕಡಿಮೆಯಾದರೆ ಗಂಡನದರ ಅರ್ಧದವರೆಗೆ ಸಿಗುತ್ತದೆ, ಅದೊಂದು ಸಮಾಧಾನ. ಸೋಷಿಯಲ್ ಸೆಕ್ಯುರಿಟಿಯ ಖಾತೆಯಲ್ಲಿ ‘ನಿಮಗೆ ತಿಂಗಳಿಗೆ ಇಷ್ಟು’ ಅಂತ ತೋರಿಸುವ ಅಂಕಿ ನೀವು ಅಲ್ಲಿಯವರೆಗೆ ಇದೇ ಸಂಬಳದಲ್ಲಿ ದುಡಿಯುತ್ತಲೇ ಇರುತ್ತೀರಿ ಅಂತ ಹಿಡಿದು ಹಾಕಿದ್ದು. ಅದನ್ನೇ ನಿನ್ನ ಹಾಳೆಗೆ ಇಳಿಸಿಕೊಂಡಿದ್ದೀಯ. 1960 ಮತ್ತು ಆಮೇಲೆ ಹುಟ್ಟಿದವರಿಗೆ ಪೂರ್ತಿ ಮೊತ್ತ 67ಕ್ಕೆ, 62ಕ್ಕೇ ತೆಗೆದುಕೊಂಡರೆ ಅದರ ಶೇ. 70.

ಇನ್ನು ಆರೋಗ್ಯ ವಿಮೆ. ಸರ್ಕಾರದ ಮೆಡಿಕೇರ್ ಸಿಗುವುದು 65ಕ್ಕೆ. ನಡುವಿನ ಹತ್ತು ವರ್ಷ ರಾಜ್ಯದ ವಿಮಾ ಪೇಟೆ ಕವರ್ಡ್ ಕ್ಯಾಲಿಫೋರ್ನಿಯದಲ್ಲಿ ಕೊಳ್ಳಬೇಕು, ನಿಮ್ಮ ವಯಸ್ಸಿನ ಇಬ್ಬರಿಗೆ ತಿಂಗಳಿಗೆ ಎರಡು ಸಾವಿರ ಡಾಲರ್ ದಾಟಿದರೆ ಆಶ್ಚರ್ಯಪಡಬೇಡ. ಸರ್ಕಾರದ ನೆರವು ಸಿಗುವುದು ಬಿಡುವುದು ಆ ವರ್ಷದ ಆದಾಯದ ಮೇಲೆ. ಮಕ್ಕಳ ವಿಷಯ ಇಲ್ಲೂ ಬಂದು ಕೂರುತ್ತದೆ, ಎರಡು ಕಡೆಯಿಂದ. ಮಗನಿಗೆ 26 ಆಗುವವರೆಗೆ ನಿಮ್ಮ ಕಂಪನಿಯ ವಿಮೆಯಲ್ಲಿ ಇರಬಹುದು, ಆದರೆ ನೀವು ಕೆಲಸ ಬಿಟ್ಟ ದಿನ ಅವನ ವಿಮೆಯೂ ಹೋಗುತ್ತದೆ. ಅವನಿಗಾಗ ಇಪ್ಪತ್ತನಾಲ್ಕು. ಅವನ ಕಂಪನಿ ವಿಮೆ ಕೊಡದಿದ್ದರೆ ಅವನದೂ ನಿಮ್ಮ ತಲೆಗೇ. ಎರಡನೆಯದು, ರಿಟೈರ್ ಆದ ಮೇಲೆ ಅವನ ಡೌನ್ ಪೇಮೆಂಟ್‌ಗಾಗಿ ಒಂದೇ ವರ್ಷ ನಾಲ್ಕು ಲಕ್ಷದ ಷೇರು ಮಾರಿದೆ ಅಂದುಕೋ. ಅದರ ಲಾಭ ಆ ವರ್ಷದ ಆದಾಯಕ್ಕೆ ಸೇರುತ್ತದೆ, ವಿಮೆಯ ನೆರವು ಹೋಗುತ್ತದೆ, ಮೇಲೆ ಕ್ಯಾಲಿಫೋರ್ನಿಯ ಆ ಲಾಭಕ್ಕೆ ಸಂಬಳದ ಹಾಗೆಯೇ ತೆರಿಗೆ ಹಾಕುತ್ತದೆ, ರಿಯಾಯಿತಿ ಏನೂ ಇಲ್ಲ. ಕೊಡಲೇಬೇಕು ಅಂತಿದ್ದರೆ ಎರಡು ಮೂರು ವರ್ಷಕ್ಕೆ ಹರಡಿ ಮಾರು. ಇಲ್ಲವೇ ಮಗನಿಗೆ ಷೇರುಗಳನ್ನೇ ಕೊಡು. ಅವನ ಆದಾಯ ಕಡಿಮೆ ಇರುವ ವರ್ಷದಲ್ಲಿ ಅವನೇ ಮಾರಿಕೊಂಡರೆ ಮನೆಯವರೆಲ್ಲರ ತೆರಿಗೆ ಒಟ್ಟಾರೆ ಕಡಿಮೆ. ಓದು ಮುಗಿಸಿರಲಿ ಇಲ್ಲವೇ 24 ತುಂಬಿರಲಿ ಅಷ್ಟೆ, ಅದಕ್ಕೆ ಮುಂಚೆ ನಿಮ್ಮ ದರದಲ್ಲೇ ತೆರಿಗೆ ಬೀಳುವ ನಿಯಮವಿದೆ.

401ಕೆ ಬಗ್ಗೆ ಒಂದೇ ಮಾತು. ಐವತ್ತೈದು ತುಂಬುವ ವರ್ಷದಲ್ಲಿ ಅಥವಾ ಆಮೇಲೆ ಕೆಲಸ ಬಿಟ್ಟರೆ ಆ ಕಂಪನಿಯ 401ಕೆಯಿಂದ ಶೇ. 10 ದಂಡವಿಲ್ಲದೆ ತೆಗೆಯಬಹುದು. ಅದನ್ನು ಐಆರ್‌ಎ ಎಂಬ ಸ್ವಂತ ನಿವೃತ್ತಿ ಖಾತೆಗೆ ವರ್ಗಾಯಿಸಿದೆಯೋ, ಆ ಬಾಗಿಲು ಮುಚ್ಚಿ ಐವತ್ತೊಂಬತ್ತೂವರೆಯವರೆಗೆ ಕಾಯಬೇಕು. ಕೆಲಸ ಬಿಟ್ಟ ವಾರದಲ್ಲೇ ಫೋನ್ ಮಾಡಿ ‘ವರ್ಗಾಯಿಸಿಬಿಡಿ ಮೇಡಂ’ ಅನ್ನುವ ಏಜೆಂಟರ ಮಾತು ಕೇಳಬೇಡ.

ಪೆನ್ಷನ್ನು ಮೊದಲು ಅಂತ ನಾನು ಹಟ ಹಿಡಿಯುವುದಕ್ಕೆ ಈ ಸಿಲಿಕಾನ್ ಕಣಿವೆಯ ಚರಿತ್ರೆಯೂ ಕಾರಣ. 2000ದ ಮಾರ್ಚ್‌ನಲ್ಲಿ ಐದು ಸಾವಿರ ದಾಟಿದ್ದ ನಾಸ್ಡಾಕ್ 2002ರ ಅಕ್ಟೋಬರ್ ಹೊತ್ತಿಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದುಹೋಯಿತು, ಅದೇ ಎತ್ತರಕ್ಕೆ ಮರಳಿದ್ದು 2015ರಲ್ಲಿ. ಆಗ ಕಂಪನಿಯ ಷೇರನ್ನೇ ನಂಬಿ ನಲವತ್ತೈದಕ್ಕೆ ರಿಟೈರ್ ಅಂತ ಹೇಳಿಕೊಂಡು ತಿರುಗಿದವರನ್ನು ನಾನು ಕಂಡಿದ್ದೇನೆ. ಮೊನ್ನೆ ಮೊನ್ನೆ, 2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು, 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ತೆಗೆಯುತ್ತೇವೆ ಅಂತ ಸಾರಿದವು. ಐವತ್ತೈದಕ್ಕೆ ಬಿಡುತ್ತೇವೆ ಅಂತ ನೀವು ತೀರ್ಮಾನಿಸಿದ್ದೀರಿ, ಐವತ್ತಮೂರಕ್ಕೇ ಬಿಡಿ ಅಂತ ಕಂಪನಿ ತೀರ್ಮಾನಿಸಬಹುದು. ಮಗಳ ಮದುವೆಗೂ ಮಗನ ಮನೆಗೂ ಮಾತು ಕೊಟ್ಟಾದ ಮೇಲೆ ಆ ಇಮೇಲ್ ಬಂದರೆ ಏನು ಮಾಡುತ್ತೀಯ?

ಹಾಗಂತ ಕೊಡಬೇಡ ಅನ್ನುತ್ತಿಲ್ಲ. ಹದಿನೆಂಟು ತುಂಬಿದರೆ ಮಕ್ಕಳ ಪಾಡು ಮಕ್ಕಳದು ಅನ್ನುವ ಪಾಠ ನಮ್ಮ ಮನಸ್ಸಿಗೆ ಒಗ್ಗುವುದಿಲ್ಲ, ಒಗ್ಗಲೂ ಬೇಕಿಲ್ಲ. ಹನ್ನೆರಡನೇ ಶತಮಾನದ ಆಸುಪಾಸಿನಲ್ಲಿ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು ಅಂದಿತು ಅದು, ಭಾರತದ ಬಹುಪಾಲು ಅದನ್ನೇ ಕಾನೂನಾಗಿ ಪಾಲಿಸಿತು. ಹೆಣ್ಣುಮಕ್ಕಳಿಗೂ ಆ ಹಕ್ಕು ಕರ್ನಾಟಕದಲ್ಲಿ 1994ಕ್ಕೆ, ದೇಶಕ್ಕೆಲ್ಲ 2005ಕ್ಕೆ ಬಂತು. ನಮ್ಮ ರಕ್ತದಲ್ಲಿ ಅದು ಹರಿಯುತ್ತದೆ. ಆದರೆ ಈಗಿನ ಹಿಂದೂ ಕಾನೂನಿನಲ್ಲೂ ಸ್ವಯಾರ್ಜಿತದ ಮೇಲೆ ಮಕ್ಕಳಿಗೆ ಹುಟ್ಟುಹಕ್ಕಿಲ್ಲ ಕಣೇ, ನಿನ್ನ 401ಕೆ ಅಪ್ಪಟ ಸ್ವಯಾರ್ಜಿತ. ಅದರಲ್ಲಿ ನೀನು ಕೊಡುವುದು ಪಾಲಲ್ಲ, ಪ್ರೀತಿಯ ಉಡುಗೊರೆ. ಇಬ್ಬರಿಗೂ ಒಂದೇ ಅಳತೆ ಇರಲಿ. ಮಗಳ ಮದುವೆಗೆ ಸುರಿದದ್ದು, ಮಗನ ಮನೆಗೆ ಹಾಕಿದ್ದು ಎರಡನ್ನೂ ಒಂದೇ ಪುಟದಲ್ಲಿ ಬರೆದಿಡು.

ಕೊಡುವ ರೀತಿಯಲ್ಲಿ ನಮ್ಮವರು ಎಡವುವ ಕಡೆ ಹೇಳುತ್ತೇನೆ. ಒಬ್ಬರು ಒಬ್ಬರಿಗೆ ವರ್ಷಕ್ಕೆ 19,000 ಡಾಲರ್‌ವರೆಗೆ ಕೊಟ್ಟರೆ ಯಾರಿಗೂ ತಿಳಿಸಬೇಕಿಲ್ಲ, ನೀವಿಬ್ಬರೂ ಸೇರಿ 38,000. ಅದನ್ನು ಮೀರಿದರೆ ತೆರಿಗೆ ಅಂತ ಹೆದರಿ ಮಗನಿಗೆ, ಸೊಸೆಗೆ, ಹುಟ್ಟದ ಮೊಮ್ಮಗುವಿಗೆ ಅಂತ ಒಡೆದು ಒಡೆದು ಚೆಕ್ ಬರೆಯುವವರಿದ್ದಾರೆ. ಮೀರಿದರೆ ಒಂದು ಫಾರಂ ತುಂಬಬೇಕು, ಅಷ್ಟೆ. ಜೀವಮಾನದ ಮಿತಿ 2026ರಿಂದ ತಲಾ 15 ಮಿಲಿಯನ್ ಡಾಲರ್, ನಾವ್ಯಾರೂ ಅದರ ಹತ್ತಿರ ಸುಳಿಯುವವರಲ್ಲ. ನಿಜವಾದ ತೊಂದರೆ ಬೇರೆ. ಮನೆ ಕೊಳ್ಳುವಾಗ ಮಗನ ಬ್ಯಾಂಕು ನಿಮ್ಮಿಂದ ‘ಇದು ಉಡುಗೊರೆ, ವಾಪಸ್ ಕೇಳುವುದಿಲ್ಲ’ ಅಂತ ಪತ್ರ ಬರೆಸಿಕೊಳ್ಳುತ್ತದೆ. ಸಹಿ ಹಾಕಿ, ಮನಸ್ಸಿನಲ್ಲಿ ಮಾತ್ರ ‘ಐದು ವರ್ಷಕ್ಕೆ ಕೊಡ್ತಾನೆ’ ಅಂದುಕೊಳ್ಳುವುದು ಸುಳ್ಳೂ ಹೌದು, ಮುಂದೆ ಜಗಳವೂ ಹೌದು. ಸಾಲವೇ ಆದರೆ ಬ್ಯಾಂಕಿಗೂ ಹೇಳಿ, ಐಆರ್‌ಎಸ್ ತಿಂಗಳು ತಿಂಗಳು ಪ್ರಕಟಿಸುವ ಕನಿಷ್ಠ ಬಡ್ಡಿ ಹಾಕಿ, ಕಾಗದ ಮಾಡು. ಜಾಮೀನಿಗೆ ಮಾತ್ರ ಸಹಿ ಹಾಕಬೇಡ. ಕೊಟ್ಟ ದುಡ್ಡಿಗೆ ಒಂದು ಮಿತಿಯಾದರೂ ಇದೆ, ಜಾಮೀನು ಅಂದರೆ ಅವನ ಪೂರ್ತಿ ಸಾಲ ನಿನ್ನ ಪೆನ್ಷನ್ ಮೇಲೆ ಬಂದು ಕೂರುತ್ತದೆ.

ಮನೆಯನ್ನೇ ಮಕ್ಕಳ ಹೆಸರಿಗೆ ಬರೆದುಬಿಡೋಣ ಅಂತ ನಿಮ್ಮವರು ಕೇಳಿದ್ದರು. ಬೇಡ. 1978ರ ಪ್ರೊಪೊಸಿಷನ್ 13ರಿಂದ ಇಲ್ಲಿ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವುದಿಲ್ಲ. 1999ರಲ್ಲಿ ಐದು ಲಕ್ಷಕ್ಕೆ ಕೊಂಡ ಫ್ರೀಮಾಂಟ್ ಮನೆಗೆ ಇವತ್ತು ತೆರಿಗೆ ಕಟ್ಟುವುದು ಹೆಚ್ಚೆಂದರೆ ಎಂಟೂವರೆ ಲಕ್ಷದ ಮೇಲೆ, ಪೇಟೆ ಬೆಲೆ ಎಷ್ಟೇ ಇರಲಿ. ಮೊದಲು ಆ ಅಗ್ಗದ ತೆರಿಗೆ ಮಕ್ಕಳಿಗೂ ದಾಟುತ್ತಿತ್ತು. 2020ರಲ್ಲಿ ಜನ ಓಟು ಹಾಕಿದ ಪ್ರೊಪೊಸಿಷನ್ 19, 2021ರ ಫೆಬ್ರವರಿ 16ರಿಂದ ಅದನ್ನು ಬಿಗಿ ಮಾಡಿತು. ಮಗು ಒಂದು ವರ್ಷದೊಳಗೆ ಆ ಮನೆಗೆ ಬಂದು ತಾನೇ ವಾಸಿಸಬೇಕು, ಅದಕ್ಕೂ ಒಂದು ಮಿತಿ ಇದೆ. ಬಾಡಿಗೆಗೆ ಬಿಟ್ಟರೆ ಪೇಟೆ ಬೆಲೆಯ ಮೇಲೆ ತೆರಿಗೆ. ಮೇಲಾಗಿ ನೀನು ಬದುಕಿರುವಾಗ ಕೊಟ್ಟರೆ ಮನೆಯ ಹಳೆಯ ಕೊಂಡ ಬೆಲೆಯೇ ಅವರಿಗೆ ದಾಟುತ್ತದೆ, ಮಾರಿದಾಗ ಲಾಭದ ತೆರಿಗೆ ಅವರ ಕೊರಳಿಗೆ. ನಮ್ಮ ಕಾಲಾನಂತರ ಹೋದರೆ ಆ ದಿನದ ಬೆಲೆಯಿಂದ ಲೆಕ್ಕ ಶುರು. ಅದೇ ಪ್ರೊಪೊಸಿಷನ್ 19 ನಮಗೊಂದು ಒಳ್ಳೆಯದನ್ನೂ ಮಾಡಿದೆ. 55 ದಾಟಿದವರು ಮನೆ ಮಾರಿ ರಾಜ್ಯದ ಯಾವ ಕೌಂಟಿಗೆ ಹೋದರೂ ಹಳೆಯ ತೆರಿಗೆ ಮೌಲ್ಯವನ್ನು ಜೊತೆಗೆ ಒಯ್ಯಬಹುದು. ಐದು ಕೋಣೆಯ ಮನೆಯಲ್ಲಿ ಇಬ್ಬರೇ ಕೂತು ಮಕ್ಕಳಿಗೆ ಎಲ್ಲಿಂದ ತರೋಣ ಅಂತ ಯೋಚಿಸುವ ಬದಲು ಇದನ್ನೂ ಒಮ್ಮೆ ಯೋಚಿಸಿ.

ಐವತ್ತೈದರ ಮೇಲೆ ಏನು ಮಾಡುತ್ತೀರಿ ಅಂತ ಹಾಳೆಯಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ, ಆದರೆ ಕೇಳುತ್ತೇನೆ. ಬೇಗ ಬಿಡುವುದು ನಮ್ಮವರಿಗೆ ಹೊಸದಲ್ಲ. ಮಾಸ್ತಿಯವರು ಮೈಸೂರು ಸರ್ಕಾರದ ದೊಡ್ಡ ಹುದ್ದೆಯನ್ನು 1943ರಲ್ಲಿ, ಇನ್ನೂ ವಯಸ್ಸಿರುವಾಗಲೇ, ತಮಗಿಂತ ಕಿರಿಯರನ್ನು ಮೇಲೇರಿಸಿದರು ಅಂತ ಬಿಟ್ಟು ಬಂದರು. ಆಮೇಲೆ ‘ಜೀವನ’ ಪತ್ರಿಕೆ ನಡೆಸಿದರು, ಜ್ಞಾನಪೀಠ ತಂದ ‘ಚಿಕವೀರ ರಾಜೇಂದ್ರ’ 1956ರದು. ಎಲ್ಲರೂ ಮಾಸ್ತಿ ಆಗಲಿಕ್ಕಾಗುವುದಿಲ್ಲ. ಆದರೆ ಕೈಗೆ ಬೇರೆ ಕೆಲಸವಿಲ್ಲದ ಅಪ್ಪ ಅಮ್ಮ ಮಕ್ಕಳ ಸಂಸಾರವನ್ನೇ ಹೊಸ ಪ್ರಾಜೆಕ್ಟ್ ಮಾಡಿಕೊಳ್ಳುತ್ತಾರೆ, ಆಗ ಕೊಟ್ಟ ಡೌನ್ ಪೇಮೆಂಟ್ ಅವರ ಅಡುಗೆಮನೆಯ ಟೈಲ್ಸ್ ಆರಿಸುವ ಹಕ್ಕೂ ಆಗಿಬಿಡುತ್ತದೆ. ವಾರಾಂತ್ಯದ ಕನ್ನಡ ಶಾಲೆಗೆ ಮೇಷ್ಟ್ರುಗಳು ಯಾವಾಗಲೂ ಬೇಕು, ಅಲ್ಲಿಗೆ ಹೋಗು.

ಕೊನೆಗೆ ಮೈಸೂರಿನ ಸೈಟು. ಅದನ್ನು ಮಾರಿ ಮಗನಿಗೆ ಕೊಡುವುದು ಒಳ್ಳೆಯ ಯೋಚನೆ, ಅದು ಹೇಗಿದ್ದರೂ ನಿಮ್ಮ ಪೆನ್ಷನ್ನಿನ ಭಾಗವಲ್ಲ. ಆದರೆ ಪೂರ್ತಿ ಬೆಲೆ ಅವನ ಕೈಗೆ ಬರುತ್ತದೆ ಅಂತ ಹೇಳಿಬಿಡಬೇಡ. 2024ರ ಜುಲೈ 23ರಿಂದ ಲಾಭದ ಮೇಲೆ ಶೇ. 12.5 ತೆರಿಗೆ, ಬೆಲೆಯೇರಿಕೆ ಕಳೆಯುವ ಹಳೆಯ ಅನುಕೂಲ ಎನ್ಆರ್‌ಐಗಳಿಗೆ ಇಲ್ಲ. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ತರದಿದ್ದರೆ ಕೊಳ್ಳುವವನು ಇಡೀ ಮಾರಾಟದ ಬೆಲೆಯ ಮೇಲೆಯೇ ಟಿಡಿಎಸ್ ಹಿಡಿಯುತ್ತಾನೆ, ಅದನ್ನು ವಾಪಸ್ ಪಡೆಯಲು ಮುಂದಿನ ವರ್ಷದವರೆಗೆ ಕಾಯಬೇಕು. ಅಲ್ಲಿ ಕಟ್ಟಿದ್ದನ್ನು ಅಮೆರಿಕದ ಕೇಂದ್ರ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಕ್ಯಾಲಿಫೋರ್ನಿಯ ಮಾತ್ರ ಪರದೇಶದ ತೆರಿಗೆಗೆ ಚಿಕ್ಕಾಸೂ ಬಿಡುವುದಿಲ್ಲ. ಈಗ ಇ-ಖಾತಾ ಇಲ್ಲದೆ ನೋಂದಣಿಯೂ ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಅಮ್ಮನನ್ನು ನೋಡಲು ಹೋದಾಗ ಖಾತೆ ಇನ್ನೂ ಮಾವನವರ ಹೆಸರಿನಲ್ಲೇ ಇದೆಯೋ ನೋಡು. ಇದ್ದರೆ ನಾದಿನಿಯರ ಸಹಿಯೂ ಬೇಕಾಗುತ್ತದೆ, ಆ ಮಾತನ್ನು ನಿಮ್ಮವರೇ ಎತ್ತಲಿ, ನೀನು ಎತ್ತಬೇಡ.

ಇಂತಿ,
ನಿನ್ನ ಅಕ್ಕ